ಗುಡ್ರುನ್ ಆಂಟಿಯ ಬಾಗಿಲ ಗಂಟೆ

ದೋಹಾ ಹತ್ತಿರದ ಉಮ್ಮ್ ಸಲಾಲ್‌ನ ಆ ಕಾಂಪೌಂಡಿನೊಳಗೆ ಹದಿನಾಲ್ಕು ವಿಲ್ಲಾಗಳಿವೆ. ಹದಿಮೂರಕ್ಕೆ ಕರೆಂಟಿನ ಕಾಲಿಂಗ್ ಬೆಲ್. ಏಳನೇ ನಂಬರಿನ ಬಾಗಿಲಿಗೆ ಮಾತ್ರ ದನದ ಕೊರಳಿಗೆ ಕಟ್ಟುವಂಥ ದೊಡ್ಡ ಹಿತ್ತಾಳೆ ಗಂಟೆ. ಅದರ ಚರ್ಮದ ಪಟ್ಟಿ ಇಲ್ಲಿನ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದೆ. ಮಕ್ಕಳಿಗೆ ಅದನ್ನು ಬಾರಿಸಿ ಓಡಿಹೋಗುವುದೇ ಆಟ. ಸಹನಾಳ ಐದು ವರ್ಷದ ಮಗಳು ಅರುಂಧತಿ ಬಾರಿಸುತ್ತಿದ್ದಳು, ಆದರೆ ಓಡುತ್ತಿರಲಿಲ್ಲ. ಓಡಿದರೆ ಅವಳಿಗೆ ಉಬ್ಬಸ ಬರುತ್ತಿತ್ತು. ಹಾಗಾಗಿ ಪ್ರತಿ ಸಲ ಸಿಕ್ಕಿಬೀಳುತ್ತಿದ್ದವಳು ಅವಳೇ.

ಒಂದು ಸಂಜೆ ಸಹನಾ ಕ್ಷಮೆ ಕೇಳಲೆಂದು ಆ ಬಾಗಿಲಿಗೆ ಹೋದಳು. ತೆರೆದದ್ದು ಎತ್ತರದ, ಬೆಳ್ಳಿಕೂದಲಿನ, ಬಲಗಾಲನ್ನು ಸ್ವಲ್ಪ ಎಳೆದು ನಡೆಯುವ ಹೆಂಗಸು. ಹೆಸರು ಗುಡ್ರುನ್, ದೋಹಾದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ಜರ್ಮನಿಯವರು, ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ ಎಂಬಷ್ಟು ಮಾತ್ರ ಸಹನಾಗೆ ಗೊತ್ತಿತ್ತು. ಇಬ್ಬರಿಗೂ ಮಾತಿಗೆ ಇದ್ದದ್ದು ಇಂಗ್ಲಿಷು. ಇಬ್ಬರದ್ದೂ ತಮ್ಮ ತಮ್ಮ ಊರಿನ ಇಂಗ್ಲಿಷು.

"ಸಾರಿ ಆಂಟಿ, ಮಗು ತುಂಬಾ ತರಲೆ. ನಿಮ್ಮ ಮನೇಲಿ ಹಿಂದೆ ಹಸು ಸಾಕಿದ್ರಾ?"

"ಮೊದಲು ಇದು ಹೇಳು, ನಾನು ಯಾರ ಆಂಟಿ?"

ಸಹನಾ ಪೆಚ್ಚಾದಳು. "ನಮ್ಮ ಕಡೆ ದೊಡ್ಡೋರನ್ನ ಬರೀ ಹೆಸರು ಹಿಡಿದು ಕರೆಯಲ್ಲ."

"ಹಾಗಾದರೆ ಇರಲಿ ಬಿಡು. ಈ ದೇಶದಲ್ಲಿ ನನಗೆ ನೆಂಟರೇ ಇರಲಿಲ್ಲ," ಎಂದು ಗುಡ್ರುನ್ ನಕ್ಕರು. "ಹಸು ಸಾಕಿರಲಿಲ್ಲ. ಗಂಟೆ ಮಾತ್ರ ಸಿಕ್ಕಿತು."

ಹೇಗೆ ಸಿಕ್ಕಿತೆಂದು ಸಹನಾ ಆಗ ಕೇಳಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಚಿಂತೆ ಕೂತಿತ್ತು.

ಅದು ಮೇ ತಿಂಗಳಲ್ಲಿ ಶುರುವಾದ ಚಿಂತೆ. ಗಂಡ ಧನಂಜಯ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರು. ಶಿಫ್ಟಿಗೆ ಹೋದರೆ ಪ್ಲಾಂಟಿನೊಳಗೆ ಫೋನು ಒಯ್ಯುವಂತಿಲ್ಲ. ಒಂದು ಮಧ್ಯಾಹ್ನ ಸ್ಕೂಲಿನ ನರ್ಸ್ ಫೋನ್ ಮಾಡಿದರು. ಅರುಂಧತಿಗೆ ಉಬ್ಬಸ ಹೆಚ್ಚಾಗಿದೆ, ತಕ್ಷಣ ಬನ್ನಿ. ಸಹನಾ ಟ್ಯಾಕ್ಸಿ ಬುಕ್ ಮಾಡಿ ಗೇಟಿನ ಬಳಿ ನಿಂತಳು. ಮೊದಲ ಟ್ಯಾಕ್ಸಿ ಕ್ಯಾನ್ಸಲ್ ಆಯಿತು. ಎರಡನೆಯದು ಬೇರೆ ಗೇಟಿಗೆ ಹೋಯಿತು. ನಲವತ್ತಮೂರು ಡಿಗ್ರಿ ಬಿಸಿಲಲ್ಲಿ ಅವಳು ನಲವತ್ತು ನಿಮಿಷ ನಿಂತಿದ್ದಳು. ಅಂಗಳದಲ್ಲಿ ಧನಂಜಯನ ಕಾರು ತಣ್ಣಗೆ ನೆರಳಲ್ಲಿ ನಿಂತಿತ್ತು. ಅವನು ಕಂಪನಿ ಬಸ್ಸಿನಲ್ಲಿ ಹೋಗಿದ್ದ. ಕೀಲಿ ಅವಳ ಬ್ಯಾಗಿನಲ್ಲೇ ಇತ್ತು. ಮಗುವಿಗೆ ಏನೂ ಆಗಲಿಲ್ಲ, ಸ್ಕೂಲಿನವರು ಔಷಧಿ ಕೊಟ್ಟು ಸುಧಾರಿಸಿದ್ದರು. ಆದರೆ ಆ ನಲವತ್ತು ನಿಮಿಷ ಅವಳನ್ನು ಬಿಡಲಿಲ್ಲ. ಅನ್ನ ಬಸಿಯುವಾಗ, ಬಟ್ಟೆ ಮಡಿಸುವಾಗ, ಸುಮ್ಮನೆ ಕೂತಾಗಲೂ ಆ ನಿಂತ ಕಾರು ಕಣ್ಣೆದುರು ಬರುತ್ತಿತ್ತು. ಮುಂದಿನ ಸಲ ನಲವತ್ತು ನಿಮಿಷ ಸಿಗದಿದ್ದರೆ?

ಹಾಗೆ ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೈಸೂರಿನಲ್ಲಿ ಸ್ಕೂಟಿ ಓಡಿಸಿದವಳು, ಬೆಂಗಳೂರಿನ ಬ್ಯಾಂಕಿನಲ್ಲಿ ಐದು ವರ್ಷ ಕೆಲಸ ಮಾಡಿದವಳು. ಇದೇನು ಮಹಾ ಅಂದುಕೊಂಡಿದ್ದಳು.

ಸೆಪ್ಟೆಂಬರಿನ ಮೊದಲ ಟೆಸ್ಟು ಕಾರು ಅಲುಗಾಡುವ ಮೊದಲೇ ಮುಗಿಯಿತು. ಸೀಟಿನಲ್ಲಿ ಕೂತವಳೇ ಅಭ್ಯಾಸಬಲದಿಂದ ಸ್ಟೀರಿಂಗ್ ಮುಟ್ಟಿ ಎರಡೂ ಕೈ ಕಣ್ಣಿಗೊತ್ತಿಕೊಂಡು, ಚಾಮುಂಡಿಯನ್ನು ನೆನೆದು, ಕಣ್ಣು ಬಿಟ್ಟು ಗೇರಿಗೆ ಕೈ ಹಾಕಿದಳು. ಪಕ್ಕದಲ್ಲಿದ್ದ ಪೊಲೀಸ್ ಅಧಿಕಾರಿಣಿ ಅವಳ ಭುಜದ ಕಡೆ ಪೆನ್ನು ತೋರಿಸಿ, "ಬೆಲ್ಟ್ ಮಾಫಿ. ಖಲಾಸ್," ಎಂದರು. ಬೆಲ್ಟೇ ಹಾಕಿರಲಿಲ್ಲ!

ನವೆಂಬರಿನ ಎರಡನೆಯ ಟೆಸ್ಟಿನಲ್ಲಿ ಬೆಲ್ಟು ಹಾಕಿದಳು, ಕನ್ನಡಿ ನೋಡಿದಳು, ರಸ್ತೆಗೂ ಇಳಿದಳು. ಒಂದು ಕಡೆ ಇಂಡಿಕೇಟರ್ ಹಾಕುವುದು ತಡವಾಯಿತು. ಅಯ್ಯೋ, ಅದನ್ನು ಬರೆದುಕೊಂಡರೋ ಏನೋ ಎಂದು ಯೋಚಿಸುತ್ತಲೇ ರೌಂಡ್ಅಬೌಟಿಗೆ ಬಂದಳು. ಮನಸ್ಸು ಎಲ್ಲೋ ಇದ್ದಾಗ ಕತ್ತು ತನ್ನ ಹಳೆಯ ಚಾಳಿಗೆ ತಿರುಗಿತು: ಮೈಸೂರಿನ ಸರ್ಕಲ್ಲಿನಲ್ಲಿ ನೋಡುವಂತೆ ಬಲಗಡೆ ನೋಡಿ ನುಗ್ಗಿದಳು. ಇಲ್ಲಿ ಗಾಡಿ ಬರುವುದು ಎಡಗಡೆಯಿಂದ. ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆದದ್ದು, ಅಧಿಕಾರಿಣಿ ತಮ್ಮ ಕಡೆಯ ಬ್ರೇಕ್ ಒತ್ತಿದ್ದು ಒಟ್ಟಿಗೇ ಆಯಿತು.

"ಎಂತ ಮಾರಾಯ್ತಿ, ಮುಖ ಹೀಗೆ ಮಾಡಿಕೊಂಡಿದ್ದಿ? ನಾನು ಐದು ಸರ್ತಿ ಫೇಲ್ ಆದದ್ದು," ಎಂದಳು ಹನ್ನೊಂದನೇ ವಿಲ್ಲಾದ ಜರ್ಟ್ರೂಡ್. ಉಡುಪಿಯವಳು, ಶಿಪ್ಪಿಂಗ್ ಆಫೀಸಿನಲ್ಲಿ ಗುಮಾಸ್ತೆ. "ಆರನೇ ಸರ್ತಿ ಅವರಿಗೇ ಬೇಜಾರು ಬಂದು ಪಾಸ್ ಮಾಡಿದ್ರು ಕಾಣ್ತದೆ."

ಸಹನಾಗೆ ನಗು ಬರಲಿಲ್ಲ. ಅಂದು ಸಂಜೆ ಮೈಸೂರಿನಿಂದ ಅತ್ತೆ ಇಂದಿರಮ್ಮ ಫೋನಿನಲ್ಲಿ, "ಏನಮ್ಮಾ, ಲೈಸೆನ್ಸ್ ಬಂತಾ?" ಎಂದಾಗ ಬಾಯಿಗೆ ಬಂದದ್ದು, "ಇಲ್ಲ ಅತ್ತೆ, ಟೆಸ್ಟ್ ಮುಂದಕ್ಕೆ ಹಾಕಿದ್ರು" ಎಂಬ ಮಾತು. ಧನಂಜಯನಿಗೂ ಅದನ್ನೇ ಹೇಳಿದಳು. ಹೇಳಿದ ಮೇಲೆ ಅದೂ ಒಂದು ಭಾರವಾಗಿ ಎದೆಯ ಮೇಲೆ ಕೂತಿತು.

ಮರುದಿನ ಅವಳು ಮನೆಯ ಮುಂದಿನ ಮೆಟ್ಟಿಲ ಮೇಲೆ ಸ್ಟೀಲ್ ತಟ್ಟೆಯೊಂದನ್ನು ಸ್ಟೀರಿಂಗಿನಂತೆ ಹಿಡಿದು ಕೂತಿದ್ದಳು. ವಾಕಿಂಗ್ ಮುಗಿಸಿ ಬಂದ ಗುಡ್ರುನ್ ಎದುರಿಗೆ ನಿಂತರು. ಏನಾಯಿತೆಂದು ಕೇಳಿದ್ದೇ ತಡ, ಗಂಡನಿಗೆ ಹೇಳಲಾಗದ್ದನ್ನೆಲ್ಲ ಸಹನಾ ಅವರಿಗೆ ಹೇಳಿಬಿಟ್ಟಳು.

ಗುಡ್ರುನ್ ಸಮಾಧಾನ ಹೇಳಲಿಲ್ಲ. "ಆ ದಾರಿಯಲ್ಲಿ ಒಟ್ಟು ಎಷ್ಟು ತಿರುವು?" ಎಂದರು.

"ಗೊತ್ತಿಲ್ಲ."

"ಗೊತ್ತಿಲ್ಲದೆ ಹೇಗೆ ಇಳಿದೆ?" ಅವರು ನಿಜವಾಗಿಯೂ ಗಾಬರಿಯಾದಂತೆ ಕಂಡರು. "ನಾನು ಹತ್ತು ವರ್ಷ ಬೆಟ್ಟ ಇಳಿದವಳು. ಕಂಬ ಎಣಿಸದೆ ಒಂದು ದಿನವೂ ಇಳಿದಿಲ್ಲ."

ಗುಡ್ರುನ್ ಸ್ಕೀಯಿಂಗ್ ಚಾಂಪಿಯನ್ ಆಗಿದ್ದರೆಂಬುದು ಸಹನಾಗೆ ಗೊತ್ತಾದದ್ದು ಹಾಗೆ. ಮೂರು ಸಲ ಜರ್ಮನಿಯ ಚಾಂಪಿಯನ್. ಮೆಡಲುಗಳು ಒಂದು ಬಿಸ್ಕೆಟ್ ಡಬ್ಬದಲ್ಲಿ, ಗುಂಡಿ, ಸೂಜಿ, ದಾರಗಳ ಜೊತೆ ಬಿದ್ದಿದ್ದವು. ಅರುಂಧತಿ ಎರಡನ್ನು ಕೊರಳಿಗೆ ಹಾಕಿಕೊಂಡು ಮೂರನೆಯದನ್ನು ಗೊಂಬೆಗೆ ಹಾಕಿದಾಗಲೂ ಅವರು ಬೇಡವೆನ್ನಲಿಲ್ಲ.

ಅವರು ಹುಟ್ಟಿದ್ದು ಬವೇರಿಯಾದ ಬೆಟ್ಟದ ಮೇಲಿನ ಒಂದು ಹಳ್ಳಿ. ಅಪ್ಪ ಹಳ್ಳಿಯ ಹಾಲಿನ ವ್ಯಾನು ಓಡಿಸುತ್ತಿದ್ದರು. ಸ್ಕೂಲು ಇದ್ದದ್ದು ಕೆಳಗೆ ಕಣಿವೆಯಲ್ಲಿ. ಚಳಿಗಾಲದಲ್ಲಿ ಮಕ್ಕಳೆಲ್ಲ ಕಾಲಿಗೆ ಸ್ಕೀ ಕಟ್ಟಿಕೊಂಡು ಬ್ಯಾಗಿನ ಸಮೇತ ಜಾರುತ್ತಾ ಸ್ಕೂಲಿಗೆ ಇಳಿಯುತ್ತಿದ್ದರು. ಸಂಜೆ ಅಪ್ಪನ ವ್ಯಾನಿನಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತು ಮೇಲೆ ಬರುತ್ತಿದ್ದರು. "ನಾಲ್ಕು ವರ್ಷದವಳಿದ್ದಾಗ ಅಪ್ಪ ಮೊದಲು ಕಲಿಸಿದ್ದು ಬೀಳುವುದು. ಪಕ್ಕಕ್ಕೆ ಬೀಳಬೇಕು, ಸೊಂಟ ಊರಬೇಕು, ಕೈ ಮುಂದೆ ಚಾಚಬಾರದು. ಒಂದು ವಾರ ಬರೀ ಬಿದ್ದೆ."

"ನಿಮ್ಮಮ್ಮ ಸುಮ್ಮನಿದ್ರಾ?" ಎಂದಳು ಸಹನಾ.

"ಅಮ್ಮ ಕಿಟಕಿಯ ಪರದೆ ಎಳೆದು ಹೊಲಿಗೆ ಮಾಡುತ್ತಿದ್ದಳು. ಕೊನೆಯವರೆಗೂ ನನ್ನ ಒಂದು ರೇಸನ್ನೂ ನೋಡಲಿಲ್ಲ. ರೇಡಿಯೋದಲ್ಲಿ ಹೆಸರು ಬಂದ ಮೇಲೆ ಪರದೆ ಸರಿಸುತ್ತಿದ್ದಳಂತೆ."

ಆ ಕಾಣದ ಅಮ್ಮನ ಮೇಲೆ ಸಹನಾಗೆ ಥಟ್ಟನೆ ಪ್ರೀತಿ ಉಕ್ಕಿತು.

ಅವರ ಆಟದ ಹೆಸರು ಸ್ಲಾಲಮ್. ಇಳಿಜಾರಿನಲ್ಲಿ ಕೆಂಪು, ನೀಲಿ ಕಂಬಗಳನ್ನು ನೆಟ್ಟಿರುತ್ತಾರೆ. ಪ್ರತಿ ಕಂಬವನ್ನೂ ಎರಡೂ ಕಾಲು ಸುತ್ತಿ ಬರಬೇಕು. ಒಂದು ಸ್ಕೀಯ ತುದಿ ತಪ್ಪು ಬದಿಗೆ ಹೋದರೂ ಆಟ ಮುಗಿದಂತೆ. ಅರವತ್ತು ಕಂಬ, ಐವತ್ತು ಸೆಕೆಂಡು. ರೇಸಿಗೆ ಮೊದಲು ಅಭ್ಯಾಸಕ್ಕೆ ಒಮ್ಮೆಯೂ ಇಳಿಯಲು ಬಿಡುವುದಿಲ್ಲ. ನಿಧಾನವಾಗಿ ಕಂಬಗಳ ಪಕ್ಕದಲ್ಲೇ ಅಡ್ಡಡ್ಡ ಜಾರುತ್ತಾ ನೋಡಿಕೊಂಡು ಬರಬಹುದು, ಅಷ್ಟೇ. ಆಮೇಲೆ ಮೇಲೆ ಹೋಗಿ ಎಲ್ಲರೂ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅಂಗೈಗಳನ್ನು ಎರಡು ಸ್ಕೀಗಳಂತೆ ಮುಂದೆ ಚಾಚಿ, ಎಡಕ್ಕೆ ಬಲಕ್ಕೆ ಓಲಿಸುತ್ತಾ ಮನಸ್ಸಿನಲ್ಲೇ ಇಳಿಯುತ್ತಾರೆ.

"ನೋಡುವವರಿಗೆ ಹುಚ್ಚಾಸ್ಪತ್ರೆಯ ಅಂಗಳದಂತೆ ಕಾಣುತ್ತದೆ," ಎಂದರು ಗುಡ್ರುನ್. "ಆದರೆ ನಾನು ಗೆದ್ದ ರೇಸುಗಳನ್ನೆಲ್ಲ ಗೆದ್ದದ್ದು ಅಲ್ಲೇ."

ಆ ಶುಕ್ರವಾರ ಅವರು ಸಹನಾಳನ್ನು ತಮ್ಮ ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಟೆಸ್ಟಿನ ದಾರಿಯುದ್ದಕ್ಕೂ ನಿಧಾನವಾಗಿ ಹೋದರು. ಹಿಂದಿನಿಂದ ಲ್ಯಾಂಡ್ ಕ್ರೂಸರುಗಳು ಲೈಟು ಮಿನುಗಿಸಿದರೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಿ ಹಂಪ್, ಎಲ್ಲಿ ಬೋರ್ಡು, ಯಾವ ಖರ್ಜೂರದ ಮರದ ಹತ್ತಿರ ಕಾಲು ಬ್ರೇಕಿಗೆ ಹೋಗಬೇಕು ಎಂದು ತೋರಿಸುತ್ತಾ ಹೋದರು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಸಹನಾಳ ಒಗ್ಗರಣೆ ಡಬ್ಬದ ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಸಾಸಿವೆ ಮೊದಲ ರೌಂಡ್ಅಬೌಟು, ಜೀರಿಗೆ ಸಿಗ್ನಲ್ಲು, ಮೆಂತ್ಯ ಎರಡನೆಯ ರೌಂಡ್ಅಬೌಟು. "ಈಗ ಕಣ್ಣು ಮುಚ್ಚು. ತಟ್ಟೆ ಹಿಡಿ. ಕತ್ತೂ ತಿರುಗಬೇಕು."

ಸಾಸಿವೆಯ ಹತ್ತಿರ ಸಹನಾಳ ಕತ್ತು ಬಲಕ್ಕೆ ತಿರುಗಿತು.

"ಸತ್ತೆ," ಎಂದರು ಗುಡ್ರುನ್. "ಮತ್ತೆ ಮೇಲಿನಿಂದ."

ನಲವತ್ತು ದಿನ. ಬೆಳಿಗ್ಗೆ ಅರುಂಧತಿ ಸ್ಕೂಲ್ ಬಸ್ಸು ಹತ್ತಿದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ತಟ್ಟೆ ತಿರುಗಿಸುವುದು. ಇದನ್ನು ಒಮ್ಮೆ ಕಿಟಕಿಯಿಂದ ಕಂಡ ಜರ್ಟ್ರೂಡ್, "ಇದು ಎಂತದ್ದು, ದೇವರು ಬರುವುದಾ ಮೈಮೇಲೆ?" ಎಂದು ಕೇಳಿ ಹೋದಳು. ಸ್ಟೀರಿಂಗ್ ಮುಟ್ಟಿ ನಮಸ್ಕರಿಸುವುದನ್ನು ಬಿಟ್ಟುಬಿಡುತ್ತೇನೆ ಎಂದು ಸಹನಾ ಅಂದಾಗ ಗುಡ್ರುನ್ ಒಪ್ಪಲಿಲ್ಲ. ತಾವೂ ಪ್ರತಿ ರೇಸಿಗೆ ಮೊದಲು ಎಡಗಾಲಿನ ಬೂಟಿನ ಮೇಲೆ ಮೂರು ಸಲ ತಟ್ಟುತ್ತಿದ್ದರಂತೆ. "ಬಿಡಬೇಡ. ಬೆಲ್ಟು, ಕನ್ನಡಿ, ಆಮೇಲೆ ನಿನ್ನ ದೇವರು, ಆಮೇಲೆ ಬ್ರೇಕು. ಕ್ರಮ ತಪ್ಪದಿದ್ದರೆ ದೇವರಿಗೂ ಅಡ್ಡಿಯಿಲ್ಲ."

ಗಂಟೆಯ ಕತೆ ಹೊರಬಂದದ್ದು ಡಿಸೆಂಬರಿನಲ್ಲಿ. ಗುಡ್ರುನ್ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಆ ಮಂಡಿಯ ಒಳಗಿನ ನಾರು ಹರಿದಿತ್ತು. ಹತ್ತು ತಿಂಗಳು ಮಲಗಿ, ಎದ್ದು, ಮತ್ತೆ ಚಾಂಪಿಯನ್ ಆದರು. ಇಪ್ಪತ್ನಾಲ್ಕಕ್ಕೆ ಅದೇ ಮಂಡಿ ಮತ್ತೆ ಹರಿಯಿತು. ಮತ್ತೆ ಎದ್ದರು. ಇಪ್ಪತ್ತಾರಕ್ಕೆ ಸ್ವಿಟ್ಜರ್ಲೆಂಡಿನ ಒಂದು ಊರಿನಲ್ಲಿ ದೊಡ್ಡ ರೇಸು. ದೇಶದೊಳಗೆ ಎಷ್ಟು ಗೆದ್ದಿದ್ದರೂ ಹೊರಗೆ ಅವರು ಮೊದಲ ಸ್ಥಾನ ಕಂಡಿರಲಿಲ್ಲ. ಅಂದು ಕೆಳಗೆ ಬಂದು ನಿಂತು ತಿರುಗಿ ನೋಡಿದರೆ ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಒಂದು.

"ಅಲ್ಲಿನ ಜನ ಚಪ್ಪಾಳೆ ಹೊಡೆಯುವುದಿಲ್ಲ, ಕೈಗೆ ದಪ್ಪ ಗವಸು ಇರುತ್ತದಲ್ಲ. ದನದ ಗಂಟೆ ತಂದು ಬಾರಿಸುತ್ತಾರೆ. ಸಾವಿರ ಗಂಟೆ ಒಟ್ಟಿಗೆ. ಆದರೆ ನನ್ನ ಕಾಲಿಗೆ ಗೊತ್ತಿತ್ತು. ಮಧ್ಯದಲ್ಲಿ ಒಂದು ನೀಲಿ ಕಂಬ. ಎಡ ಸ್ಕೀಯ ತುದಿ ತಪ್ಪು ಬದಿಗೆ ಹೋಗಿತ್ತು. ಮೇಲೆ ಮಂಜು ಎದ್ದಿತ್ತು, ಅಂಪೈರು ನೋಡಿರಲಿಲ್ಲ."

"ಕ್ಯಾಮೆರಾ?"

"ಅಲ್ಲಿಗೆ ಕ್ಯಾಮೆರಾ ಇರಲಿಲ್ಲ."

"ಮತ್ತೆ?"

"ಕೈ ಎತ್ತಿದೆ. ನಾನೇ ಹೇಳಿದೆ."

ಗುಡ್ರುನ್ ಚೀಲವನ್ನು ಮಂಡಿಯ ಇನ್ನೊಂದು ಬದಿಗೆ ಸರಿಸಿದರು. ಗಂಟೆಗಳೆಲ್ಲ ಒಂದೊಂದಾಗಿ ನಿಂತವಂತೆ. ತರಬೇತುದಾರ ಮೂರು ದಿನ ಮಾತು ಬಿಟ್ಟನಂತೆ. ಅವರು ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ನಡೆಯುವಾಗ ಒಬ್ಬ ಮುದುಕ, ಆ ಊರಿನ ರೈತ, ಎದುರಿಗೆ ಬಂದು ತನ್ನ ಕೈಯಲ್ಲಿದ್ದ ಗಂಟೆಯನ್ನು ಅವರ ಕೊರಳಿಗೇ ಹಾಕಿದನಂತೆ. ಅವನ ಭಾಷೆ ಅವರಿಗೆ ಅರ್ಧ ಮಾತ್ರ ಅರ್ಥವಾಯಿತು. ಹಸುವಿನ ಹೆಸರು ಲೀಸಿ ಎಂದು ತಿಳಿಯಿತು.

"ಆ ವರ್ಷದ ಕೊನೆಗೆ ಮಂಡಿ ಮೂರನೇ ಸಲ ಕೈಕೊಟ್ಟಿತು. ಖಲಾಸ್. ಆಮೇಲೆ ಬೇರೆಯವರ ಮಂಡಿ ನೋಡುವುದನ್ನು ಕಲಿತೆ. ಮೆಡಲು ಡಬ್ಬದಲ್ಲಿರಲಿ, ಗಂಟೆ ಬಾಗಿಲಲ್ಲಿರಲಿ. ದಿನಾ ಯಾರಾದರೂ ಬಾರಿಸುತ್ತಾರಲ್ಲ."

ಅಂದೇ ಸಂಜೆ ಧನಂಜಯ ಶಿಫ್ಟಿನಿಂದ ಬಂದು ಕಾಫಿ ಹಿಡಿದು ಕೂತಾಗ ಸಹನಾ, "ರೀ, ಟೆಸ್ಟ್ ಮುಂದಕ್ಕೆ ಹಾಕಿರಲಿಲ್ಲ. ನಾನು ಫೇಲಾಗಿದ್ದೆ," ಎಂದಳು.

ಅವನು ಲೋಟ ಕೆಳಗಿಟ್ಟ. "ಗೊತ್ತು ಮಾರಾಯ್ತಿ. ರಿಸಲ್ಟ್ ಮೆಸೇಜ್ ಬರೋದು ನನ್ನ ನಂಬರಿಗೆ. ರಿಜಿಸ್ಟರ್ ಮಾಡ್ಸಿದ್ದು ನಾನೇ ತಾನೆ?"

"ಮತ್ತೆ ಯಾಕ್ರೀ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಅಮ್ಮಂಗೆ ಮಾತ್ರ ನೀನೇ ಹೇಳ್ಕೋ, ನನ್ನ ಕೈಲಾಗಲ್ಲ."

ಅವಳು ಹೇಳಿದಳು. ಇಂದಿರಮ್ಮ ಫೋನಿನ ಆ ತುದಿಯಿಂದ, "ಅಷ್ಟೇನಾ? ನಿನ್ನ ಗಂಡ ಮೈಸೂರಲ್ಲಿ ಟೆಸ್ಟ್ ದಿನ ಎಂಟು ಹಾಕಕ್ಕೆ ಹೋಗಿ ಚರಂಡಿಗೆ ಇಳಿಸಿದ್ದ, ಕೇಳು," ಎಂದರು. ಧನಂಜಯ ಎದ್ದು ಬಾಲ್ಕನಿಗೆ ಹೋದ.

ಜನವರಿಯಲ್ಲಿ ಮೂರನೆಯ ಟೆಸ್ಟು. ಬೆಲ್ಟು, ಕನ್ನಡಿ, ಚಾಮುಂಡಿ, ಬ್ರೇಕು. ಅದೇ ಅಧಿಕಾರಿಣಿ. "ಯಲ್ಲಾ," ಎಂದು ಹೊರಡಲು ಸನ್ನೆ ಮಾಡಿದರು. ಮೊದಲ ಹಂಪಿನ ಮೇಲೆ ಕಾರು ಸ್ವಲ್ಪ ಜೋರಾಗಿಯೇ ಎಗರಿತು. ಪಕ್ಕದಲ್ಲಿ ಪೆನ್ನು ಕಾಗದದ ಮೇಲೆ ಓಡಿದ ಸದ್ದು ಸಹನಾಗೆ ಸ್ಪಷ್ಟವಾಗಿ ಕೇಳಿಸಿತು. ಹಳೆಯ ಸಹನಾ ಆಗಿದ್ದರೆ ಆ ಹಂಪಿನಲ್ಲೇ ಉಳಿದುಬಿಡುತ್ತಿದ್ದಳು. ಆದರೆ ಅಷ್ಟರಲ್ಲಿ ಖರ್ಜೂರದ ಮರ ಬಂತು, ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಸಾಸಿವೆ ಬಂತು, ಕತ್ತು ಎಡಕ್ಕೆ ತಿರುಗಿತು. ಜೀರಿಗೆಯಲ್ಲಿ ಕೆಂಪು ದೀಪ. ಮೆಂತ್ಯದಲ್ಲಿ ಎಡಗಡೆಯಿಂದ ಬಂದ ಬಸ್ಸಿಗೆ ಕಾದು, ಹೋದಳು. ಮನೆಗೆ ಬಂದು ಗಂಟೆ ಬಾರಿಸಿ, ಬಾಗಿಲು ತೆಗೆದ ಗುಡ್ರುನ್‌ರ ಮುಂದೆ ಲೈಸೆನ್ಸ್ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಫೋಟೋ ನೋಡಿ, "ಭಯಪಟ್ಟ ಬೆಕ್ಕಿನ ಹಾಗಿದ್ದೀಯ," ಎಂದರು.

ಲೈಸೆನ್ಸ್ ಬಂದಿತೆಂದು ಭಯ ಹೋಗಲಿಲ್ಲ. ಅವಳು ಗುಡ್ರುನ್‌ರನ್ನೋ ಧನಂಜಯನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸುತ್ತಿದ್ದಳು. ಒಂಟಿಯಾಗಿ ಒಮ್ಮೆಯೂ ಇಲ್ಲ. ಆದರೆ ಗುಡ್ರುನ್ ಅವಳ ಕಣ್ಣು ಮುಚ್ಚಿಸಿ ಮನೆಯಿಂದ ಸ್ಕೂಲಿನವರೆಗಿನ ದಾರಿಯನ್ನೂ ಇಳಿಸಿದ್ದರು. ಹನ್ನೊಂದು ಕಿಲೋಮೀಟರ್, ಐದು ರೌಂಡ್ಅಬೌಟು. ಒಗ್ಗರಣೆ ಡಬ್ಬದ ಬಟ್ಟಲು ಸಾಲದೆ ಉಪ್ಪಿನ ಭರಣಿಯನ್ನೂ ಇಡಬೇಕಾಗಿತ್ತು.

ಮಾರ್ಚಿನಲ್ಲಿ ಗುಡ್ರುನ್‌ರಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ಸಹನಾ ದಿನಾ ಅನ್ನ, ತಿಳಿಸಾರು ಒಯ್ದು ಕೊಡುತ್ತಿದ್ದಳು. ಎರಡನೇ ವಾರದ ಒಂದು ಮಂಗಳವಾರ ಬೆಳಿಗ್ಗೆಯೇ ಗಾಳಿ ಎದ್ದಿತು. ಆಕಾಶ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿತು. ಕಳಿಸಬಾರದಿತ್ತು, ಇವತ್ತು ಮಗುವನ್ನು ಕಳಿಸಬಾರದಿತ್ತು ಎಂದು ಸಹನಾ ಹತ್ತು ಸಲ ಅಂದುಕೊಳ್ಳುವಷ್ಟರಲ್ಲಿ ಫೋನ್ ಬಂತು. ಸ್ಕೂಲಿನ ನರ್ಸ್. ಉಬ್ಬಸ ಶುರುವಾಗಿದೆ, ಇನ್ಹೇಲರ್ ಕೊಟ್ಟಿದ್ದೇವೆ, ಹೆಲ್ತ್ ಸೆಂಟರಿಗೆ ಕರೆದೊಯ್ಯಬೇಕು.

ಧನಂಜಯ ಪ್ಲಾಂಟಿನೊಳಗಿದ್ದ. ಜರ್ಟ್ರೂಡ್ ಆಫೀಸಿನಲ್ಲಿ. ಟ್ಯಾಕ್ಸಿ ಆ್ಯಪ್ ತೆರೆದರೆ, ಹತ್ತಿರದ ಗಾಡಿ ಮೂವತ್ತೈದು ನಿಮಿಷ. ಅವಳು ಇನ್ಹೇಲರಿನ ಚೀಲ ಹಿಡಿದು ಏಳನೇ ವಿಲ್ಲಾಗೆ ಓಡಿದಳು. ಗುಡ್ರುನ್ ಎರಡು ಊರುಗೋಲುಗಳ ಮೇಲೆ ಬಾಗಿಲಿಗೆ ಬಂದರು.

"ಆಂಟಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತ್ಕೊಳ್ಳಿ, ಸಾಕು."

"ನಾನು ಈ ಮೆಟ್ಟಿಲು ಇಳಿಯಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ನಿನ್ನ ಹತ್ತಿರ ಇದೆಯಾ?"

ಇರಲಿಲ್ಲ.

"ಕಣ್ಣು ಮುಚ್ಚು," ಎಂದರು ಗುಡ್ರುನ್. "ಇಲ್ಲೇ. ಒಂದು ಸಲ ಇಳಿ."

ಧೂಳಿನ ಗಾಳಿಯಲ್ಲಿ ದುಪಟ್ಟಾ ಮುಖಕ್ಕೆ ಬಡಿಯುತ್ತಿರಲು ಸಹನಾ ಕೈಯಲ್ಲಿ ತಟ್ಟೆಯೂ ಇಲ್ಲದೆ ನಿಂತಳು. ಕೈ ಎಡಕ್ಕೆ, ಬಲಕ್ಕೆ. ಸಾಸಿವೆಯಿಂದ ಉಪ್ಪಿನ ಭರಣಿಯವರೆಗೆ. ಅರ್ಧ ನಿಮಿಷ ಹಿಡಿಯಿತು. ಕಣ್ಣು ಬಿಟ್ಟಾಗಲೂ ದಾರಿ ಕಣ್ಣೆದುರೇ ಇತ್ತು.

ಅವಳು ಹೋದಳು. ಅರವತ್ತರಲ್ಲಿ ಹೋದಳು, ಎಲ್ಲರೂ ಅವಳನ್ನು ದಾಟಿ ಹೋದರು. ಮೂರನೆಯ ರೌಂಡ್ಅಬೌಟಿನಲ್ಲಿ ಲೇನು ತಪ್ಪಿದಳು, ಯಾರೋ ಉದ್ದಕ್ಕೆ ಹಾರ್ನ್ ಹೊಡೆದರು. ಆ ಹಾರ್ನನ್ನು ಅಲ್ಲೇ ಬಿಟ್ಟು ನಾಲ್ಕನೆಯದಕ್ಕೆ ಕತ್ತು ಎಡಕ್ಕೆ ತಿರುಗಿಸಿದಳು. ಹತ್ತೊಂಬತ್ತು ನಿಮಿಷಕ್ಕೆ ಸ್ಕೂಲಿನ ಗೇಟು. ನರ್ಸಿನ ತೊಡೆಯ ಮೇಲೆ ಭುಜ ಏರಿಳಿಸುತ್ತಾ ಕೂತಿದ್ದ ಅರುಂಧತಿ ತಲೆ ಎತ್ತಿ, "ಅಮ್ಮ, ನೀನು ಫಾಸ್ಟ್ ಬಂದೆ," ಎಂದಳು. ಹೆಲ್ತ್ ಸೆಂಟರಿನಲ್ಲಿ ನೆಬ್ಯುಲೈಸರಿನ ಹೊಗೆ ಎಳೆದುಕೊಳ್ಳುತ್ತಾ ಅವಳ ಉಸಿರು ಮೆಲ್ಲಗೆ ಇಳಿಯುವವರೆಗೂ ಸಹನಾ ಆ ಪುಟ್ಟ ಎದೆಯನ್ನೇ ನೋಡುತ್ತಾ ಕೂತಳು.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಗ್ಗಿತು. ಕಾರು ಕಾಂಪೌಂಡಿನ ಗೇಟು ದಾಟುವಾಗಲೇ ಸದ್ದು ಕೇಳಿಸಿತು. ಏಳನೇ ವಿಲ್ಲಾದ ಹೊಸ್ತಿಲಲ್ಲಿ ಗುಡ್ರುನ್ ಒಂದು ಊರುಗೋಲನ್ನು ಕಂಕುಳಿಗೆ ಕೊಟ್ಟು, ಇನ್ನೊಂದನ್ನು ಗೋಡೆಗೆ ಒರಗಿಸಿ, ಲೀಸಿಯ ಗಂಟೆಯನ್ನು ಕೊಕ್ಕೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ಬಾರಿಸುತ್ತಿದ್ದರು. ಪಟ್ಟಿಯ ಒಣಚರ್ಮ ಚೂರು ಚೂರಾಗಿ ನೆಲಕ್ಕೆ ಉದುರುತ್ತಿತ್ತು. ಅರುಂಧತಿ ಹಿಂದಿನ ಸೀಟಿನಿಂದ ಎರಡೂ ಕೈ ಎತ್ತಿದಳು.

ಸಹನಾ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗ್ ಮುಟ್ಟಿ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

"ಪಾರ್ಕಿಂಗ್ ಸೊಟ್ಟ!" ಎಂದು ಕೂಗಿದರು ಗುಡ್ರುನ್. ಗಂಟೆ ಮಾತ್ರ ನಿಲ್ಲಿಸಲಿಲ್ಲ.